ಎರಡು ದಿನದ ಸೂಟಿ, ನಾಲ್ಕು ಸಿನಿಮಾ, ಒಲೆಗೂ ರಜೆ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಎಂದು ಬದಲಾಗುತ್ತದೆ. ಒಂದೂವರೆಯ ಮೇಲೆ ಈ ಬಿಸಿಲಿನಲ್ಲಿ ಮನುಷ್ಯರ ಕೈಲಿ ಕೆಲಸ ಆಗದು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಅದಕ್ಕೆ ಎರಡನೇ ಶನಿವಾರವೋ ನಾಲ್ಕನೇ ಶನಿವಾರವೋ ಸೇರಿಕೊಂಡರೆ ಪೂರಾ ಎರಡು ದಿನ ಮನೆಯೊಳಗೇ. ಹೊರಗೆ ಹೋಗುವ ಮಾತೇ ಇಲ್ಲ. ಹನ್ನೊಂದಕ್ಕೆ ಸ್ಕೂಟರ್ ಸೀಟಿನ ಮೇಲೆ ಕೂತು ನೋಡಿ, ಗೊತ್ತಾಗುತ್ತದೆ. ಉಳಿದದ್ದು ಕೂಲರ್ ಹಚ್ಚಿ, ಗಾದಿ ಹಾಸಿ, ಸಿನಿಮಾ ನೋಡುವುದು.

ಕೇಳಲು ಇದಕ್ಕಿಂತ ಸುಲಭದ ಕೆಲಸವಿಲ್ಲ. ಆದರೆ ನಮ್ಮ ಮನೆಯಲ್ಲಿ ಇದು ವರ್ಷಗಟ್ಟಲೆ ಕೆಟ್ಟಿದೆ. ಶನಿವಾರ ಹನ್ನೊಂದಕ್ಕೆ ಎಲ್ಲರೂ ಟಿ.ವಿ. ಮುಂದೆ ಕೂಡುವುದು, ಯಾವ ಸಿನಿಮಾ ಎಂಬ ಜಗಳದಲ್ಲಿ ಮುಕ್ಕಾಲು ತಾಸು ಕಳೆಯುವುದು, ಹೆಸರು ಬೀಳುವ ಹೊತ್ತಿಗೆ ಕರೆಂಟ್ ಹೋಗುವುದು, ಬರುವಷ್ಟರಲ್ಲಿ ಮಕ್ಕಳಿಗೆ ಹಸಿವು. ಸಂಜೆ ಲೆಕ್ಕ ಹಾಕಿದರೆ ನೋಡಿದ್ದು ಒಂಬತ್ತು ಟ್ರೇಲರ್, ಅರ್ಧ ಸಿನಿಮಾ. ಅಂಥ ಒಂದು ಶನಿವಾರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಳು: ‘ನಿಮಗ ಸೂಟಿ ಅದ ರೀ, ಒಲಿಗಿ ಎಲ್ಲದ?’

ಆ ಮಾತಿನ ನಂತರ ನಾವು ಕಲಿತ ಕ್ರಮ ಇದು. ಹಾಯಾಗಿ ಬಿದ್ದುಕೊಳ್ಳುವ ಎರಡು ದಿನಕ್ಕೆ ಶುಕ್ರವಾರ ಸಂಜೆ ಎರಡು ತಾಸು ದುಡಿಯಬೇಕು.

ಶುಕ್ರವಾರ: ಮೊದಲು ಚೀಟಿ, ಆಮೇಲೆ ರಿಮೋಟ್

ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಚೀಟಿ. ಒಬ್ಬೊಬ್ಬರು ಒಂದೊಂದು ಸಿನಿಮಾದ ಹೆಸರು ಬರೆಯಬೇಕು. ಎರಡು ದಿನಕ್ಕೆ ನಾಲ್ಕು ಸಿನಿಮಾ ಸಾಕು, ಐದನೆಯದಕ್ಕೆ ಕಣ್ಣು ಉರಿಯುತ್ತವೆ. ನಾಲ್ಕಕ್ಕಿಂತ ಹೆಚ್ಚು ಚೀಟಿ ಇದ್ದರೆ ಎತ್ತಿ ನೋಡಿ. ಉಳಿದವರದು ಮುಂದಿನ ಸೂಟಿಗೆ. ಆರಿಸಿದ ಮೇಲೆ ಯಾರೂ ತಕರಾರು ತೆಗೆಯುವಂತಿಲ್ಲ. ಅಜ್ಜಿ ಬರೆದದ್ದನ್ನು ಮೊಮ್ಮಗ ನೋಡಲೇಬೇಕು, ಮೊಮ್ಮಗ ಬರೆದದ್ದನ್ನು ಅಜ್ಜಿ ಕನಿಷ್ಠ ಮಧ್ಯಂತರದವರೆಗೆ ಸಹಿಸಬೇಕು.

ಹೆಸರು ಗೊತ್ತಾದ ಕೂಡಲೇ ಟಿ.ವಿ. ಹಚ್ಚಿ ಮೂರು ಸಂಗತಿ ನೋಡಿಕೊಳ್ಳಿ. ಆ ಸಿನಿಮಾ ಈಗ ಯಾವ ಆ್ಯಪ್‌ನಲ್ಲಿದೆ? ಸಿನಿಮಾಗಳು ತಿಂಗಳು ತಿಂಗಳು ಮನೆ ಬದಲಿಸುತ್ತವೆ, ಹೋದ ವರ್ಷ ಇದ್ದದ್ದು ಈಗ ಇರದಿರಬಹುದು. ನಿಮ್ಮ ಚಂದಾ ಚಾಲ್ತಿಯಲ್ಲಿದೆಯೇ, ಪಾಸ್‌ವರ್ಡ್ ನೆನಪಿದೆಯೇ? ಸಿನಿಮಾ ಎಷ್ಟು ಹೊತ್ತಿನದು? ಮಕ್ಕಳಿದ್ದರೆ ಪ್ರಮಾಣಪತ್ರವನ್ನೂ ನೋಡಿ. 2024ರ ಹೊಸ ನಿಯಮದಂತೆ ಯು/ಎ ಎಂಬುದು 7+, 13+, 16+ ಎಂದು ಮೂರು ಭಾಗವಾಗಿದೆ.

ಏನು ನೋಡುವುದು?

ಕಲಬುರಗಿಯ ಪ್ರೇಕ್ಷಕನಿಗೆ ಇರುವ ಅನುಕೂಲ ಬೆಂಗಳೂರಿನವರಿಗೂ ಇಲ್ಲ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ದಖನಿ, ಸೊಲ್ಲಾಪುರದ ಬೀಗರ ಮರಾಠಿ, ತಾಂಡೂರಿನ ಕಡೆಯ ತೆಲುಗು. ನಾಲ್ಕು ಭಾಷೆ ಸಬ್‌ಟೈಟಲ್ ಇಲ್ಲದೆ ಕಿವಿಗೆ ಹತ್ತುತ್ತವೆ. ಇದನ್ನು ಬಳಸಿಕೊಳ್ಳದೆ ಅದೇ ನಾಲ್ಕು ಹೊಡೆದಾಟದ ಸಿನಿಮಾಗಳನ್ನೇ ತಿರುಗಾಮುರುಗಾ ನೋಡುವುದು ನನಗಂತೂ ನಷ್ಟವೆನಿಸುತ್ತದೆ.

ಟಿ.ವಿ. ಪರದೆಯೂ ಈ ಭಾಗಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದು ನಡೆದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲಿ. ಊರಿಗೊಂದೇ ಟಿ.ವಿ., ತಂತಿಜಾಲರಿಯ ದೊಡ್ಡ ಆಂಟೆನಾ, ಮುಂದೆ ನೆಲದ ಮೇಲೆ ಊರೆಲ್ಲ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಕ್ಕೆ ಸ್ವಂತ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ನಾಲ್ಕು ವರ್ಷ ಮೊದಲು ಟಿ.ವಿ. ನೋಡಿದವರು ನಾವು. ಇದನ್ನು ಬೆಂಗಳೂರಿನ ನೆಂಟರಿಗೆ ಹೇಳಲು ನಾನು ಎಂದೂ ಮರೆಯುವುದಿಲ್ಲ.

ಈಗ ಪಟ್ಟಿ. ಶನಿವಾರಕ್ಕೆ ನನ್ನ ಶಿಫಾರಸು ಒಂದು ಜೋಡಿ: ರಾಮ್ ರೆಡ್ಡಿಯವರ ‘ತಿಥಿ’ (2015) ಮತ್ತು ತೆಲುಗಿನ ‘ಬಲಗಂ’ (2023). ಎರಡರಲ್ಲೂ ಮನೆಯ ಹಿರಿಯ ಸಾಯುತ್ತಾನೆ, ಎರಡರಲ್ಲೂ ಹನ್ನೊಂದನೇ ದಿನದ ಕಾರ್ಯದತ್ತ ಕಥೆ ನಡೆಯುತ್ತದೆ. ಮಂಡ್ಯದ ಹಳ್ಳಿಯಲ್ಲಿ ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತರೆ ಮಗನಿಗೆ ಚಿಂತೆಯೇ ಇಲ್ಲ, ಮೊಮ್ಮಗನಿಗೆ ಹೊಲದ ಚಿಂತೆ. ತೆಲಂಗಾಣದ ಮನೆಯಲ್ಲಿ ಇಟ್ಟ ಎಡೆಯನ್ನು ಕಾಗೆ ಮುಟ್ಟುತ್ತಿಲ್ಲ, ಅದಕ್ಕೇ ಮನೆಯವರ ಹಳೆಯ ಸಿಟ್ಟುಗಳೆಲ್ಲ ಹೊರಬೀಳುತ್ತವೆ. ಒಂದು ನಗಿಸುತ್ತದೆ, ಇನ್ನೊಂದು ಅಳಿಸುತ್ತದೆ. ಬೆನ್ನುಬೆನ್ನಿಗೆ ನೋಡಿದರೆ ಎರಡೂ ಇನ್ನಷ್ಟು ಚೆನ್ನಾಗಿ ಕಾಣುತ್ತವೆ. ‘ತಿಥಿ’ಯ ಮಾತು ನಮ್ಮ ಕಿವಿಗೆ ಕೊಂಚ ದೂರ. ನಮ್ಮವ್ವ ಹತ್ತು ನಿಮಿಷಕ್ಕೊಮ್ಮೆ ‘ಏನಂದ್ನೋ ತಮ್ಮಾ ಅವ?’ ಎಂದು ಕೇಳುತ್ತಿದ್ದಳು.

ನಮ್ಮ ಭಾಗದ ಮಾತನ್ನೇ ಕೇಳಬೇಕೆನ್ನುವವರಿಗೆ ಭಾನುವಾರ ಎರಡಿವೆ. ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ ಯರೇಹಂಚಿನಾಳ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲೇ ತೆಗೆದದ್ದು. ಸಾಲ ತೀರಿಸಲು ಶಕ್ತಿಪೇಯದ ಪುಡಿ ಮಾರಲು ಹೊರಟ ನಡುವಯಸ್ಸಿನ ಹೆಂಗಸಿನ ಕಥೆ. 2022ರಲ್ಲಿ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಇದಕ್ಕೆ ಬಂತು. ಶಿವಮ್ಮನಾಗಿ ನಟಿಸಿದ ಶರಣಮ್ಮ ಚೆಟ್ಟಿಯವರನ್ನು ನೋಡಿದರೆ ನಮ್ಮ ಓಣಿಯ ಕಾಕಿ ಪರದೆಯ ಮೇಲೆ ಬಂದಂತಾಗುತ್ತದೆ. ಇನ್ನೊಂದು ಉತ್ಸವ್ ಗೋನವಾರ ಅವರ ‘ಫೋಟೋ’. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಬೆಂಗಳೂರಿಗೆ ಹೋದ ರಾಯಚೂರು ಕಡೆಯ ಹುಡುಗ, ಅಷ್ಟರಲ್ಲಿ ಬಂದ ಲಾಕ್‌ಡೌನ್, ಅಪ್ಪನೊಂದಿಗೆ ಊರಿನ ಕಡೆ ನಡಿಗೆ. ಇದನ್ನು ರಾತ್ರಿ ಕೊನೆಗೆ ಇಡಬೇಡಿ, ನಿದ್ದೆ ಹತ್ತುವುದಿಲ್ಲ.

ಹಗುರವಾದದ್ದೇ ಬೇಕೆಂದರೆ ಅನಂತನಾಗ್ ಅವರ ‘ಗಣೇಶನ ಮದುವೆ’ (1990). ದಖನಿ ನಗೆಗೆ ‘ದಿ ಅಂಗ್ರೇಜ್’ (2005). ಮರಾಠಿಯ ‘ಸೈರಾಟ್’ ಆರಿಸುವವರು ಮೂರು ತಾಸಿಗೆ ಸ್ವಲ್ಪವೇ ಕಡಿಮೆ ಎಂಬುದು ನೆನಪಿಡಿ.

ಕರೆಂಟ್, ಡಾಟಾ, ಕೂಲರ್

ದುರಸ್ತಿಗೆಂದು ಕರೆಂಟ್ ತೆಗೆಯುವ ದಿನ ಅನೇಕ ವೇಳೆ ಶನಿವಾರ-ಭಾನುವಾರವೇ ಆಗಿರುತ್ತದೆ. ‘ನಾಳೆ ವಿದ್ಯುತ್ ವ್ಯತ್ಯಯ’ ಎಂಬ ಸಣ್ಣ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಇದ್ದೇ ಇರುತ್ತದೆ. ಶುಕ್ರವಾರ ಮೊದಲು ಅದನ್ನು ಓದಿ.

ಇನ್ವರ್ಟರ್ ಇದ್ದರೆ ಲೆಕ್ಕ ಹೀಗೆ. 150 ಎ.ಎಚ್.ನ ಒಂದು ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇರುತ್ತದೆ. ಕೈಗೆ ಸಿಗುವುದು ಸಾವಿರದ ಆಸುಪಾಸು. 43 ಇಂಚಿನ ಟಿ.ವಿ., ಒಂದು ಫ್ಯಾನ್, ವೈಫೈ ಪೆಟ್ಟಿಗೆ ಸೇರಿ 200 ವ್ಯಾಟ್ ಹಿಡಿದರೆ ಐದು ತಾಸು, ಅಂದರೆ ಎರಡು ಸಿನಿಮಾ. ಅದೇ ಇನ್ವರ್ಟರ್ ಮೇಲೆ ಕೂಲರನ್ನೂ ಹಾಕಿದರೆ ಕ್ಲೈಮ್ಯಾಕ್ಸ್‌ಗೆ ಮೊದಲೇ ಕತ್ತಲೆ. ಕರೆಂಟ್ ಹೋದಾಗ ಕೂಲರ್ ಬಂದ್ ಮಾಡಿ, ಫ್ಯಾನ್ ಸಾಕು.

ಮೊಬೈಲ್ ಡಾಟಾ ನಂಬಿ ಕೂಡಬೇಡಿ. ಎಚ್‌ಡಿ ಗುಣಮಟ್ಟದಲ್ಲಿ ತಾಸಿಗೆ ಸುಮಾರು 3 ಜಿ.ಬಿ. ಬೇಕು; ದಿನಕ್ಕೆ 2 ಜಿ.ಬಿ.ಯ ಪ್ಯಾಕ್ ಮಧ್ಯಂತರವನ್ನೂ ಮುಟ್ಟುವುದಿಲ್ಲ. ಫೋನಿನಲ್ಲಿ ಡೌನ್‌ಲೋಡ್ ಮಾಡಿಟ್ಟು ಟಿ.ವಿ.ಗೆ ಹಾಕುತ್ತೇವೆ ಎನ್ನುವವರು ಶುಕ್ರವಾರವೇ ಒಮ್ಮೆ ಹಾಕಿ ನೋಡಿ. ಎಷ್ಟೋ ಆ್ಯಪ್‌ಗಳು ಸ್ಕ್ರೀನ್ ಮಿರರಿಂಗ್‌ಗೆ ಬಿಡುವುದಿಲ್ಲ. ನನಗೆ ಒಮ್ಮೆ ಇಡೀ ಸಿನಿಮಾದ ಮಾತು ಕೇಳಿತು, ಚಿತ್ರ ಮಾತ್ರ ಕಪ್ಪು. ಅವ್ವ ‘ರೇಡಿಯೋ ಛಲೋ ಅದ’ ಎಂದಳು.

ಕೂಲರ್ ವಿಷಯದಲ್ಲಿ ಅನೇಕ ಮನೆಯವರು ಮಾಡುವ ತಪ್ಪು ಒಂದೇ: ಕೂಲರ್ ಹಚ್ಚಿ ಬಾಗಿಲು-ಕಿಟಕಿ ಎಲ್ಲ ಮುಚ್ಚುವುದು. ಒಣಗಾಳಿ ನೀರನ್ನು ಕುಡಿದಾಗಲಷ್ಟೇ ತಂಪು. ಒಳಗಿನ ಹಸಿಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಒಂದು ತಾಸಿನಲ್ಲಿ ಮೈ ಅಂಟಂಟು. ಕೂಲರಿನ ಬೆನ್ನು ಕಿಟಕಿಗೆ ಇರಲಿ, ಎದುರಿನ ಕಿಟಕಿ ಗೇಣುದ್ದ ತೆರೆದಿರಲಿ. ನೀರು ಬೆಳಿಗ್ಗೆಯೇ ತುಂಬಿಡಿ, ಮಧ್ಯಾಹ್ನದ ಟ್ಯಾಂಕಿನ ನೀರು ಚಹಾಕ್ಕೆ ಇಟ್ಟಂತೆ ಕಾದಿರುತ್ತದೆ.

ಸೋಫಾ ಬಿಡಿ. ಶಹಾಬಾದ್ ಕಲ್ಲಿನ ನೆಲವಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಒಂದೇ ಪದರು ಕೌದಿ ಹಾಸಿ, ಬೆನ್ನಿಗೆ ಲೋಡು ಇಟ್ಟುಕೊಳ್ಳಿ. 43 ಇಂಚಿನ ಟಿ.ವಿ.ಗೆ ಐದಾರು ಅಡಿ ದೂರ ಸಾಕು. ಪಡುವಣ ಕಿಟಕಿಗೆ ದಪ್ಪ ಚಾದರ ಕಟ್ಟಿ. ಟಿ.ವಿ. ಸೆಟ್ಟಿಂಗ್‌ನಲ್ಲಿ ‘ಮೋಷನ್’ ಎಂದು ಶುರುವಾಗುವುದೇನಿದ್ದರೂ ಬಂದ್ ಮಾಡಿ. ಅದು ಹಚ್ಚಿದ್ದರೆ ಎಲ್ಲ ಸಿನಿಮಾವೂ ಧಾರಾವಾಹಿಯಂತೆ ಕಾಣುತ್ತದೆ.

ಒಲೆಗೆ ರಜೆ

ಇಲ್ಲಿ ನಮ್ಮ ಹಿರಿಯರು ಎಂದೋ ದಾರಿ ಹಾಕಿಟ್ಟಿದ್ದಾರೆ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಯಾವುದಕ್ಕೂ ಬೆಂಕಿ ಬೇಡ, ಯಾರೂ ಬಡಿಸಬೇಕಿಲ್ಲ. ಮಹಿಳಾ ಸಂಘಗಳು ಮಾಡುವ ರೊಟ್ಟಿ ಊರಲ್ಲಿ ಎಲ್ಲೆಡೆ ಸಿಗುತ್ತದೆ. ಎರಡು ದಿನಕ್ಕೆ ತಲೆಗೆ ಹತ್ತರಂತೆ ತಂದಿಡಿ. ಉಂಡ ತಟ್ಟೆ ಉಂಡವರೇ ತೊಳೆಯಬೇಕು. ಮಿರ್ಚಿ ಭಜಿ ಬೇಕೆನಿಸಿದರೆ ಸಂಜೆ ಆರರ ಮೇಲೆ ಗಂಡಸರು ಎದ್ದು ಬಂಡಿಗೆ ಹೋಗಿ ತರಲಿ.

ಪಾಪ್‌ಕಾರ್ನ್ ಬದಲು ಜೋಳದ ಅಳ್ಳು ಮಾಡಿ ನೋಡಿ. ಪಂಚಮಿಗೆ ಮಾತ್ರ ನೆನಪಾಗುವ ಈ ತಿಂಡಿಗೆ ಬಿಳಿಜೋಳ ಒಗ್ಗದು, ಅಳ್ಳಿನ ಜೋಳವೆಂದೇ ಕೇಳಿ ತರಬೇಕು. ಗುರುವಾರ ರಾತ್ರಿ ಒಂದು ಬಟ್ಟಲು ಕಾಳಿಗೆ ಎರಡು ಚಮಚ ನೀರು ಚಿಮುಕಿಸಿ, ಕಲಸಿ, ಮುಚ್ಚಿಡಿ. ಶುಕ್ರವಾರ ನೆರಳಲ್ಲಿ ಮೇಲಿನ ಪಸೆ ಆರಲಿ. ದಪ್ಪ ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಒಂದೇ ಹಿಡಿ ಹಾಕಿ, ಅರಿವೆಯ ಉಂಡೆಯಿಂದ ಬೇಗ ಬೇಗ ಆಡಿಸಿ. ಚಟಪಟ ಎಂದು ಮಲ್ಲಿಗೆ ಮೊಗ್ಗಿನಷ್ಟೇ ಸಣ್ಣಗೆ ಅರಳುತ್ತವೆ. ಎರಡು ಹಿಡಿ ಒಮ್ಮೆಲೇ ಹಾಕಿದರೆ ಅರ್ಧ ಕಾಳು ಅರಳದೆ ಸೀಯುತ್ತವೆ. ಆರಿದ ಮೇಲೆ ಉಪ್ಪು, ಖಾರ, ಎರಡು ಹನಿ ಶೇಂಗಾ ಎಣ್ಣೆ ಹಾಕಿ ಡಬ್ಬಿ ಮುಚ್ಚಿ. ಬಾಯಲ್ಲಿ ಕರುಂಕುರುಂ ಸದ್ದಿಲ್ಲ, ಪಕ್ಕದವರಿಗೆ ಮಾತು ಕೇಳುತ್ತದೆ.

ಕಮಲಾಪುರದ ಮಾಳಿಗೆ

ಊರಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ., ಮಹಾಗಾಂವ ಕ್ರಾಸ್ ದಾಟಿದರೆ ಕಮಲಾಪುರ. ಅಲ್ಲಿ ನಮ್ಮ ಅಕ್ಕನ ಮನೆ. ಭಾನುವಾರ ರಾತ್ರಿಯ ಸಿನಿಮಾ ನಮಗೆ ಅಲ್ಲಿಯ ಮಾಳಿಗೆಯ ಮೇಲೆ. ಬೇಸಿಗೆಯಲ್ಲಿ ಹೇಗೂ ಮಲಗುವುದು ಮೇಲೆಯೇ, ಸಣ್ಣ ಪ್ರೊಜೆಕ್ಟರ್ ಒಂದಿದ್ದರೆ ಗೋಡೆಯೇ ಪರದೆ. ಅಗ್ಗದ ಪ್ರೊಜೆಕ್ಟರ್‌ಗಳಿಗೆ ಪೂರ್ತಿ ಕತ್ತಲೆ ಬೇಕು. ಏಳೂವರೆಗೆ ಮುಂಚೆ ಹಚ್ಚಿದರೆ ಏನೂ ಕಾಣದು. ಬಿಳಿ ಚಾದರ ಕಟ್ಟುವವರು ಕೆಳಗಿನ ಅಂಚಿಗೆ ಒಂದು ಪೈಪು ಹೊಲಿಯಿರಿ. ನಾವು ಮೊದಲ ಸಲ ಮೇಲಷ್ಟೇ ಕಟ್ಟಿದ್ದೆವು. ಗಾಳಿ ಬೀಸಿದಾಗಲೆಲ್ಲ ಚಾದರ ಉಬ್ಬಿ, ‘ಮಾಮಾ, ಹೀರೋನ ಹೊಟ್ಟಿ ನೋಡ್ರಿ!’ ಎಂದು ಅಕ್ಕನ ಮಗ ಕೂಗುತ್ತಿದ್ದ. ದುಃಖದ ದೃಶ್ಯವೊಂದು ಪೂರ್ತಿ ಹಾಳಾಯಿತು. ಹತ್ತಾದ ಮೇಲೆ ಸದ್ದು ಇಳಿಸಿ, ಪಕ್ಕದ ಮಾಳಿಗೆಯವರು ಬೆಳಿಗ್ಗೆ ಹೊಲಕ್ಕೆ ಹೋಗುವವರು.

ಕಮಲಾಪುರಕ್ಕೆ ಹೋದಮೇಲೆ ಕೆಂಪು ಬಾಳೆ ತಿನ್ನದೆ ಬರುವವರುಂಟೇ? ಭೌಗೋಳಿಕ ಸೂಚ್ಯಂಕ ಪಡೆದ ಈ ಹಣ್ಣಿನ ಬೆಳೆ ಕೈಗೆ ಬರಲು ಸುಮಾರು 18 ತಿಂಗಳು ಬೇಕು, ಅದಕ್ಕೇ ದರ ಹೆಚ್ಚು. ಹೊಳೆಯುವ ಕೆಂಪು ನೋಡಿ ಮೋಸಹೋಗಬೇಡಿ, ಅದು ಇನ್ನೂ ಗಟ್ಟಿ. ಸಿಪ್ಪೆ ಮಾಸಿ, ಬೆರಳು ಒತ್ತಿದರೆ ಮೆತ್ತಗೆ ಅನ್ನಿಸಿದ ಮೇಲೆ ಸುಲಿಯಿರಿ. ಫ್ರಿಜ್ಜಿನಲ್ಲಿ ಇಡಬೇಡಿ. ಒಂದು ಸಿನಿಮಾಕ್ಕೆ ಒಂದು ಹಣ್ಣು, ಎರಡನೆಯದು ತಿಂದರೆ ಮಧ್ಯಂತರಕ್ಕೇ ನಿದ್ದೆ.

ಸೋಮವಾರ ಕಚೇರಿ ಎಂಟಕ್ಕೆ. ಕಮಲಾಪುರದಿಂದ ಆರೂವರೆಗೆಲ್ಲ ಹೊರಡಬೇಕು. ಭಾನುವಾರ ಮನೆ ಬಿಡುವ ಮುನ್ನವೇ ಕೂಲರಿನಲ್ಲಿ ಉಳಿದ ನೀರನ್ನು ಗಿಡಗಳಿಗೆ ಹಾಕಿ, ತೊಟ್ಟಿ ಒಣಗಿಸಿ. ವಾರವಿಡೀ ನಿಂತ ನೀರು ಡೆಂಗಿ ಸೊಳ್ಳೆಯ ಮನೆ.