ಕುದುರೆಗೆ ಲಾಳ, ನಮಗೆ ಚಪ್ಪಲಿ: ಯಾರಿಗೆ ಬೇಕು, ಯಾರು ಬರಿಗಾಲಲ್ಲಿ ನಡೆಯಬಹುದು?



ಮಳೆ ನಿಂತು ಮಕ್ಕಳಿಗೆ ರಜೆ ಸಿಕ್ಕಿತೆಂದರೆ ನಮ್ಮಲ್ಲಿ ಹಲವರು ಕರ್ಜತ್ ಕಡೆಯ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದು ಮಾಥೇರಾನ್‌ಗೆ ಹೋಗುತ್ತೇವೆ. ಅಲ್ಲಿ ಕುದುರೆ ಏರಿ ಇಳಿದ ಮಗು ಕೇಳುವ ಪ್ರಶ್ನೆ ಒಂದೇ: "ಕುದುರೆ ಕಾಲಿಗೆ ಮೊಳೆ ಹೊಡೀತಾರಲ್ಲ, ಅದಕ್ಕೆ ನೋವಾಗಲ್ವಾ?"

ಸರಿಯಾಗಿ ಹೊಡೆದರೆ ನೋವಾಗುವುದಿಲ್ಲ. ಗೊರಸಿನ ಹೊರಗೋಡೆ ನಮ್ಮ ಉಗುರಿನ ಜಾತಿಯದು, ಅದರಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ. ಲಾಳ ಕಟ್ಟುವವನು ಮೊಳೆಯನ್ನು ಆ ಗೋಡೆಯಲ್ಲೇ ಏರಿಸಿ ಹೊರಕ್ಕೆ ತೆಗೆಯುತ್ತಾನೆ. ಕೈ ತಪ್ಪಿ ಒಳಗಿನ ಜೀವಂತ ಭಾಗಕ್ಕೆ ತಗುಲಿದರೆ ಕುದುರೆ ಕುಂಟುತ್ತದೆ, ಕೀವಾಗುತ್ತದೆ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುವುದರಿಂದ 6ರಿಂದ 8 ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಬೇಕು.

ಹಾಗಾದರೆ ಎಲ್ಲ ಕುದುರೆಗೂ ಲಾಳ ಬೇಕೆ? ಇಲ್ಲ. ಮೆತ್ತನೆಯ ನೆಲದಲ್ಲಿ ಮೇಯುತ್ತ, ಅಪರೂಪಕ್ಕೆ ಸವಾರಿಗೆ ಹೋಗುವ ತಟ್ಟು ಬರಿಗಾಲಲ್ಲೇ ಚೆನ್ನಾಗಿರುತ್ತದೆ. ಆಗಾಗ ಗೊರಸು ಸವರಿದರೆ ಸಾಕು. ದಿನವಿಡೀ ಕಲ್ಲುದಾರಿಯಲ್ಲಿ ಭಾರ ಹೊರುವ ತಟ್ಟುವಿಗೆ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಅದಕ್ಕೆ ಲಾಳ ಬೇಕು. ಅನುಮಾನವಿದ್ದರೆ ತಟ್ಟುವನ್ನೇ ನೋಡಬೇಕು: ಮಣ್ಣಿನ ಮೇಲೆ ಸಲೀಸಾಗಿ ನಡೆದು, ಜಲ್ಲಿ ಬಂದ ಕೂಡಲೇ ಹೆಜ್ಜೆ ಚಿಕ್ಕದು ಮಾಡಿ ದಾರಿಯ ಅಂಚಿನ ಹುಲ್ಲು ಹುಡುಕಿಕೊಂಡು ಹೋದರೆ ಅದರ ಪಾದಕ್ಕೆ ನೋವಾಗುತ್ತಿದೆ ಎಂದರ್ಥ.

ಊರಲ್ಲಿ ನಮ್ಮ ಹಿರಿಯರು ಎತ್ತಿನ ವಿಷಯದಲ್ಲಿ ಮಾಡುತ್ತಿದ್ದ ಲೆಕ್ಕವೂ ಇದೇ. ಗದ್ದೆ ಉಳುವ ಎತ್ತು ಬರಿಗಾಲು. ಗಾಡಿ ಕಟ್ಟಿ ಜಲ್ಲಿ ರಸ್ತೆಯಲ್ಲಿ ಸಂತೆಗೆ ಹೋಗುವ ಎತ್ತನ್ನು ಕೆಡವಿ, ಕಾಲು ಕಟ್ಟಿ, ಸೀಳು ಗೊರಸಾದ್ದರಿಂದ ಒಂದೊಂದು ಕಾಲಿಗೆ ಎರಡೆರಡು ತುಂಡು ಲಾಳ ಹೊಡೆಸುತ್ತಿದ್ದರು.

ಲಾಳಕ್ಕೂ ತೊಂದರೆ ಉಂಟು. ಕಬ್ಬಿಣ ನಯವಾದ ನೆಲದಲ್ಲಿ ಜಾರುತ್ತದೆ. ಮಾಥೇರಾನ್‌ನ ಕೆಂಪು ಮಣ್ಣಿನ ದಾರಿಗೆ ಪೇವರ್ ಬ್ಲಾಕ್ ಹಾಸಿದಾಗ ಕುದುರೆಯವರು ತಕರಾರು ಎತ್ತಿದ್ದು ಇದಕ್ಕೇ. ಆ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು.

ಅಂದರೆ ಕೇಳಬೇಕಾದ್ದು ಮೂರು ಮಾತು. ನೆಲ ಎಂಥದು? ನಡೆಯುವುದು ಎಷ್ಟು? ಕಾಲು ಎಂಥದು? ಇದೇ ಪ್ರಶ್ನೆಗಳನ್ನು ಈಗ ನಮ್ಮ ಮನೆಯವರ ಕಾಲಿಗೂ ಹಾಕೋಣ.

ನಡಿಗೆ ಕಲಿಯುವ ಮಗು ಮನೆಯೊಳಗೆ ಬರಿಗಾಲಲ್ಲೇ ಇರಲಿ. ನೆಲ ಮುಟ್ಟಿಯೇ ಅದು ತೂಕ ಹಿಡಿಯುವುದನ್ನು ಕಲಿಯುತ್ತದೆ. ಎರಡು ಮೂರು ವರ್ಷದ ಮಗುವಿನ ಪಾದ ಚಪ್ಪಟೆಯಾಗಿ ಕಂಡರೆ ಗಾಬರಿ ಬೇಡ, ಪಾದದ ಕಮಾನು ಮೂಡಲು ವರ್ಷಗಳು ಬೇಕು. ಹೊರಗೆ ಮಾತ್ರ ಚಪ್ಪಲಿ ಹಾಕಿಸಿ. ಕೊಕ್ಕೆಹುಳದ ಮರಿ ಕೊಳಕು ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದೇ ಒಳಗೆ ಹೋಗುತ್ತದೆ, ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ಇನ್ನು ಜೂನ್‌ನಲ್ಲಿ "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡ ಅಳತೆಯ ಶಾಲೆ ಬೂಟು ಕೊಳ್ಳುವವರು ನಾವೆಲ್ಲ! ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಸಾಕು, ಅದಕ್ಕಿಂತ ಹೆಚ್ಚಾದರೆ ಕಾಲು ಒಳಗೇ ಜಾರಿ ಬೊಕ್ಕೆ ಏಳುತ್ತದೆ.

ಮಳೆಗಾಲದ ಮುಂಬೈಯಲ್ಲಿ ರಸ್ತೆ ನೀರಿಗೆ ಬರಿಗಾಲಲ್ಲಿ ಇಳಿಯುವುದು ಯಾರಿಗೂ ಒಳ್ಳೆಯದಲ್ಲ. ಆ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಕಾಲಿನಲ್ಲಿ ಸಣ್ಣ ಗೀರಿದ್ದರೂ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಒಳಗೆ ಬರಬಹುದು. ಗಮ್‌ಬೂಟು ಒಳ್ಳೆಯದು. ಅದಿಲ್ಲದಿದ್ದರೆ ಗಟ್ಟಿ ಅಟ್ಟೆಯ ಚಪ್ಪಲಿಯಾದರೂ ಇರಲಿ, ನೀರು ತಡೆಯದಿದ್ದರೂ ಗಾಜು, ಮೊಳೆ ತಡೆಯುತ್ತದೆ. ಮೊಣಕಾಲು ನೀರಿನಲ್ಲಿ ನಡೆದು ಬಂದಿದ್ದರೆ ಕಾಲನ್ನು ಸೋಪಿನಿಂದ ತೊಳೆದು ಒರೆಸಿ, 72 ಗಂಟೆಯೊಳಗೆ ಮಹಾನಗರ ಪಾಲಿಕೆಯ ದವಾಖಾನೆಗೋ ನಿಮ್ಮ ಡಾಕ್ಟರ ಬಳಿಗೋ ಹೋಗಿ ಕೇಳಿ. ಕಾಯಿಲೆ ಬಾರದಂತೆ ಮುಂಚೆಯೇ ಕೊಡುವ ಮಾತ್ರೆ ಇದೆ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಬೇರೆ ಮಾತ್ರೆ, ಆದ್ದರಿಂದ ಅಂಗಡಿಯಿಂದ ತಾವೇ ತಂದು ನುಂಗಬೇಡಿ. ಆಮೇಲಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೀರಿನಲ್ಲಿ ನಡೆದಿದ್ದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಮೊಳೆ ಚುಚ್ಚಿದರೆ ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು, ಧೂಳು, ಕುದುರೆ ಲದ್ದಿಯಲ್ಲಿರುವ ರೋಗಾಣುವಿನಿಂದ. ಮಾಥೇರಾನ್‌ನಲ್ಲೂ ಮಕ್ಕಳು ಬೂಟು ಬಿಚ್ಚಿ ಓಡುವುದು ಬೇಡ.

ಈಗ ಮುಖ್ಯ ಮಾತು. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಸಕ್ಕರೆ ಕಾಯಿಲೆ ವಾಸಿ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ನಡೆದರೆ ಸಕ್ಕರೆ ಹತೋಟಿಗೆ ಬರುತ್ತದೆ, ನಿಜ. ಆದರೆ ಅದು ನಡಿಗೆಯ ಗುಣ, ಬರಿಗಾಲಿನದಲ್ಲ. ಜಲ್ಲಿ ಚುಚ್ಚಿದ್ದು ತಟ್ಟುವಿಗೆ ತಿಳಿಯುತ್ತದೆ, ಅದು ಪಕ್ಕಕ್ಕೆ ಸರಿಯುತ್ತದೆ. ಹಲವು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಅನೇಕರಿಗೆ ಪಾದದ ಸ್ಪರ್ಶಜ್ಞಾನ ಮೆಲ್ಲಗೆ ಹೋಗಿಬಿಟ್ಟಿರುತ್ತದೆ. ಗಾಜು ಹೊಕ್ಕಿದ್ದು ಅವರಿಗೆ ಗೊತ್ತಾಗುವುದು ಸಂಜೆ ನೆಲದ ಮೇಲೆ ರಕ್ತದ ಕಲೆ ಕಂಡಾಗ. ಮಧ್ಯಾಹ್ನದ ದೇವಸ್ಥಾನದ ಕಲ್ಲುಹಾಸಿನಲ್ಲಿ ಅಂಗಾಲು ಸುಟ್ಟು ಬೊಬ್ಬೆ ಎದ್ದರೂ ತಿಳಿಯುವುದಿಲ್ಲ. ಆ ಹುಣ್ಣು ಬೇಗ ಮಾಯುವುದಿಲ್ಲ, ಬೆರಳನ್ನೋ ಪಾದವನ್ನೋ ಕತ್ತರಿಸುವ ತನಕ ಹೋಗಬಹುದು.

ಕಾರ್ತಿಕ ಬಂದರೆ ನಮ್ಮಲ್ಲಿ ಅನೇಕರು ಅಯ್ಯಪ್ಪನ ಮಾಲೆ ಹಾಕಿ 41 ದಿನ ಬರಿಗಾಲಲ್ಲಿ ಇರುತ್ತಾರೆ. ಊರಿಗೆ ಹೋಗಿ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರೂ ಇದ್ದಾರೆ. ಭಕ್ತಿಯನ್ನು ಪ್ರಶ್ನಿಸಲು ನಾನು ಯಾರೂ ಅಲ್ಲ. ಮಾಲೆ ಹಾಕುವ ಮುನ್ನ ಕಾಲು ಪರೀಕ್ಷಿಸಿಕೊಳ್ಳಿ ಎಂದಷ್ಟೇ ನನ್ನ ಬಿನ್ನಹ. ಸ್ಪರ್ಶ ಹೋಗಿದ್ದರೆ ಗುರುಸ್ವಾಮಿಯವರಿಗೆ ಮುಚ್ಚಿಡದೆ ಹೇಳಿ ಚಪ್ಪಲಿ ಹಾಕಿಕೊಂಡೇ ವ್ರತ ನಡೆಸಿ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ, ಎರಡು ನಿಮಿಷದ ಕೆಲಸ. ಅಪ್ಪನೋ ಅಮ್ಮನೋ ಹಾಸಿಗೆಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿಕೊಳ್ಳಲಿ. ಮುಟ್ಟಿದ ಕೂಡಲೇ "ಬಲ" ಅಥವಾ "ಎಡ" ಎನ್ನಲು ಹೇಳಿ. ನಿಮ್ಮ ತೋರುಬೆರಳಿನ ತುದಿಯಿಂದ ಬಲಗಾಲಿನ ಹೆಬ್ಬೆರಳು, ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಕೊನೆಗೆ ಎರಡೂ ಕಾಲಿನ ನಡುಬೆರಳು, ಹೀಗೆ ಆರು ಕಡೆ ಗರಿ ತಾಗಿದಷ್ಟು ಹಗುರಾಗಿ ಒಂದೆರಡು ಸೆಕೆಂಡು ಮುಟ್ಟಿ. ಒತ್ತಬೇಡಿ, ತಿವಿಯಬೇಡಿ, ಉತ್ತರ ಬರಲಿಲ್ಲವೆಂದು ಎರಡನೇ ಸಲ ಮುಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದೇ ತಿಳಿದು ಡಾಕ್ಟರಿಗೆ ತೋರಿಸಿ. ಎಲ್ಲವೂ ಗೊತ್ತಾದರೂ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಡಾಕ್ಟರಿಂದ ಪಾದ ನೋಡಿಸಿಕೊಳ್ಳಬೇಕು.

ಸ್ಪರ್ಶ ಕಡಿಮೆಯಾದವರಿಗೆ ಮನೆಯೊಳಗೂ ಚಪ್ಪಲಿ ಬೇಕು, ರಾತ್ರಿ ಬಚ್ಚಲಿಗೆ ಹೋಗುವಾಗಲೂ. ಬೆರಳ ಸಂದಿಯಲ್ಲಿ ಪಟ್ಟಿ ಬರುವ ಹವಾಯಿ ಚಪ್ಪಲಿ ಬೇಡ. ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಅಟ್ಟೆಯಿರುವ, ಬೆರಳ ಕಡೆ ಅಗಲವಾದ, ಹಿಂದೆ ಪಟ್ಟಿಯಿರುವ ಚಪ್ಪಲಿ ಕೇಳಿ ಕೊಳ್ಳಿ. ಸಂಜೆ ಹೊತ್ತು ಕೊಂಡರೆ ಒಳ್ಳೆಯದು, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಬೂಟು ಹಾಕುವ ಮುನ್ನ ಒಳಗೆ ಕೈಯಾಡಿಸಿ, ಹರಳು ಇರಬಹುದು. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಬಿಸಿನೀರಲ್ಲಿ ಕಾಲು ಇಡಬೇಡಿ. ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ ಅಥವಾ ಮೊಮ್ಮಕ್ಕಳಿಗೆ ಆ ಕೆಲಸ ಒಪ್ಪಿಸಲಿ. ಗಾಯ, ಬೊಬ್ಬೆ, ಬಣ್ಣ ಬದಲಾದ ಚರ್ಮ ಕಂಡರೆ "ನೋವೇ ಇಲ್ಲ, ನಾಳೆ ನೋಡೋಣ" ಎನ್ನಬೇಡಿ. ನೋವಿಲ್ಲದ ಹುಣ್ಣಿಗೇ ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು.