ಲಾಗಿನ್ ಆಮೇಲೆ, ಮೊದಲು ಲ್ಯಾಬ್

ಕೂಸೇ, ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಡೇಟಾ ಎಂಟ್ರಿ ಕೆಲಸ ಸಿಕ್ಕಿತಂತೆ, ಸಂತೋಷ. ತರಬೇತಿಯಲ್ಲಿ ಪೋರ್ಟಲ್‌ಗೆ ಹೇಗೆ ಹೋಗೋದು, ಎಲ್ಲಿ ಒತ್ತೋದು ಅಂತ ಹೇಳಿಕೊಡ್ತಾರೆ. ಅದು ವಾರದೊಳಗೆ ಕೈಗೆ ಹತ್ತುತ್ತೆ. ನೀನು ಟೈಪ್ ಮಾಡೋದರ ಅರ್ಥ ಏನು ಅನ್ನೋದನ್ನ ಮಾತ್ರ ನೀನೇ ಕೇಳಿ ಕಲೀಬೇಕು.

ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯನ್ನೇ ತಗೋ. 2023ರಲ್ಲಿ ಕೇಂದ್ರ ಸರ್ಕಾರದ ಅದರ ನಿರ್ಮೂಲನಾ ಅಭಿಯಾನ ಶುರುವಾಯ್ತು. ಆದರೆ ನಮ್ಮ ಸೋಲಿಗರ ಪೋಡುಗಳಿಗೆ ಆ ಕಾಯಿಲೆ ಹಳೇದು. ಮೊದಲು ಮಾಡೋ ಸಾಲ್ಯುಬಿಲಿಟಿ ಪರೀಕ್ಷೆ ಪಾಸಿಟಿವ್ ಬಂದರೆ ಮಗುವಿಗೆ ಕಾಯಿಲೆ ಇದೆ ಅಂತಲ್ಲ. ಬರೀ ವಾಹಕವೂ ಆಗಿರಬಹುದು. ಯಾವುದು ಅಂತ ಗೊತ್ತಾಗೋದು ಆಮೇಲೆ ಮಾಡೋ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ. ಕಾಯಿಲೆಗಳ ಸಂಕೇತಪಟ್ಟಿ ಐಸಿಡಿ-10ರಲ್ಲಿ ವಾಹಕಕ್ಕೆ ಡಿ57.3, ಕಾಯಿಲೆಗೆ ಬೇರೆ ಸಂಖ್ಯೆ. ಎರಡನ್ನೂ ಒಂದೇ ಕಾಲಮ್ಮಿಗೆ ತುಂಬಿಬಿಟ್ಟೆ ಅನ್ನು, ಮಾತ್ರೆ ತಪ್ಪದೆ ನುಂಗಬೇಕಾದ ಮಗು ಯಾವುದು ಅಂತ ಆಶಾ ಕಾರ್ಯಕರ್ತೆಗೆ ಹೇಗೆ ಗೊತ್ತಾಗಬೇಕು? ಕಾಯಿಲೆಯವಳು ಅಂತ ದಾಖಲಾದರೆ ವಾಹಕ ಹುಡುಗಿಗೆ ಗಂಡು ಸಿಗೋದೂ ಕಷ್ಟ ಆಗುತ್ತೆ. ಅದಕ್ಕೇ ಹೇಳೋದು, ಒಂದು ಬೆಳಿಗ್ಗೆ ಲ್ಯಾಬ್‌ನವರ ಪಕ್ಕ ಕೂತು ನೋಡು.

ಹಾವು ಕಡಿತದ್ದೂ ಹೀಗೇ. ಅದನ್ನ 2024ರಲ್ಲಿ ನಮ್ಮ ರಾಜ್ಯ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸ್ತು. ಅರಿಶಿನದ ಹೊಲದಲ್ಲಿ ಕಡಿಸಿಕೊಂಡು ಸತ್ತವನ ಚೀಟಿಯಲ್ಲಿ ‘ಹೃದಯ ಸ್ತಂಭನ’ ಅಂತಷ್ಟೇ ಇದ್ದರೆ ಲೆಕ್ಕದಲ್ಲಿ ಹಾವೇ ಇಲ್ಲ. ಸಾಯೋ ಎಲ್ಲರ ಹೃದಯವೂ ನಿಂತೇ ನಿಲ್ಲುತ್ತೆ, ಅದು ಕಾರಣ ಅಲ್ಲ. ಹಾಗಂತ ನೀನೇ ತಿದ್ದಬೇಡ. ಡಾಕ್ಟರ ಹತ್ತಿರ ಹೋಗಿ ಕೇಳು. ಗದರಿದರೂ ಕೇಳು.

ಇನ್ನು ಹೆಸರು. ನಮ್ಮ ದೇವರು ಮಾದಪ್ಪನ ಹೆಸರಿಲ್ಲದ ಮನೆ ಈ ಜಿಲ್ಲೆಯಲ್ಲಿ ಎಲ್ಲಿದೆ? ಮಹದೇವಮ್ಮ, ಮಾದೇವಮ್ಮ, ಮಾದಮ್ಮ ಮೂವರೂ ಒಬ್ಬಳೇ ಇರಬಹುದು, ಬೇರೆಬೇರೆಯೂ ಇರಬಹುದು. ಫೋನ್ ನಂಬರೂ ಸಾಲದು. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ನಂಬರ್ ಕೊಟ್ಟಿರ್ತಾರೆ. ತಾಯಿ ಕಾರ್ಡಿನ ನಂಬರ್, ಗಂಡನ ಹೆಸರು, ಹಾಡಿಯೋ ಪೋಡೋ ಅದರ ಹೆಸರು, ಎಲ್ಲಾ ಕೂಡಿಸಿ ನೋಡು.

ತಿಂಗಳ ಕೊನೆಯಲ್ಲಿ ‘ರಿಜಿಸ್ಟರ್ ಫೋಟೋ ಗ್ರೂಪಿಗೆ ಹಾಕಮ್ಮ’ ಅಂತಾರೆ. ಕ್ಷಯದವರ, ಎಚ್‌ಐವಿಯವರ ಹೆಸರೂ ಅದರಲ್ಲೇ ಇರುತ್ತೆ. ಒಟ್ಟು ಸಂಖ್ಯೆ ಮಾತ್ರ ಕಳಿಸು, ಹೆಸರೇ ಬೇಕು ಅಂದರೆ ಬರವಣಿಗೆಯಲ್ಲಿ ಕೇಳಿ ಅನ್ನು. ನಿನ್ನ ಪಾಸ್‌ವರ್ಡ್ ಮಾನಿಟರ್ ಮೇಲೆ ಅಂಟಿಸಬೇಡ.