ಕಚೇರಿಯ ಗಣಕಯಂತ್ರ ಮತ್ತು ಬ್ರೌಸರ್: ಬೇಡವಾದ ಸೌಲಭ್ಯಗಳನ್ನು ನಿಲ್ಲಿಸುವ ಕ್ರಮ

ಅಂಗಡಿ ಮುಚ್ಚುವಾಗ ಗಲ್ಲಾಪೆಟ್ಟಿಗೆಯ ಬೀಗವನ್ನು ಎರಡು ಸಲ ಎಳೆದು ನೋಡುವ ಅಭ್ಯಾಸ ನಮ್ಮ ವ್ಯಾಪಾರಿ ಬಂಧುಗಳಲ್ಲಿ ತಲೆಮಾರುಗಳಿಂದ ಬಂದಿದೆ. ಆದರೆ ಇಂದು ವ್ಯವಹಾರದ ಬಹುಪಾಲು ಹಣ ಆ ಪೆಟ್ಟಿಗೆಯೊಳಗೆ ಬೀಳುವುದೇ ಇಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲಂತೂ ರಿಟರ್ನ್ ಸಲ್ಲಿಕೆ, ತೆರಿಗೆ ಪಾವತಿ, ಇ-ವೇ ಬಿಲ್, ಬ್ಯಾಂಕ್ ವರ್ಗಾವಣೆ ಇವೆಲ್ಲವೂ ಬ್ರೌಸರ್ ಎಂಬ ಒಂದೇ ತಂತ್ರಾಂಶದ ಮೂಲಕ ನಡೆಯುತ್ತಿವೆ. ಈ ಹೊಸ ಬಾಗಿಲಿನ ಬೀಗವನ್ನು ಎಳೆದು ನೋಡುವವರು ಎಷ್ಟು ಮಂದಿ? ಈ ಲೇಖನದ ಉದ್ದೇಶ ಅದೊಂದೇ.

ಒಂದು ಅನುಭವ

ನನ್ನ ಕಕ್ಷಿದಾರರೊಬ್ಬರು ಬಟ್ಟೆಯ ಸಗಟು ವ್ಯಾಪಾರಿ. ಅವರಲ್ಲಿ ಆರು ವರ್ಷ ಲೆಕ್ಕ ಬರೆದ ಗುಮಾಸ್ತರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ಎರಡು ತಿಂಗಳ ಬಳಿಕ ಅವರಿಂದಲೇ ದೂರವಾಣಿ ಕರೆ ಬಂತು. "ಯಜಮಾನರೇ, ನಿಮ್ಮ ಬ್ಯಾಂಕಿನ ಪಾಸ್‌ವರ್ಡ್, ಜಿಎಸ್‌ಟಿ ಪಾಸ್‌ವರ್ಡ್ ಎರಡೂ ನನ್ನ ಮೊಬೈಲಿನಲ್ಲಿ ತಾನಾಗಿಯೇ ಬರುತ್ತಿವೆ. ದಯವಿಟ್ಟು ಬದಲಾಯಿಸಿಬಿಡಿ. ನಾಳೆ ಏನಾದರೂ ಆದರೆ ಮಾತು ನನ್ನ ಮೇಲೆ ಬರುತ್ತದೆ" ಎಂದು ಅವರು ಕೇಳಿಕೊಂಡರು.

ನಡೆದದ್ದು ಇಷ್ಟೇ. ಕಚೇರಿಯ ಬ್ರೌಸರ್‌ನಲ್ಲಿ ಆ ಗುಮಾಸ್ತರು ತಮ್ಮ ಸ್ವಂತ ಜಿಮೇಲ್ ಖಾತೆಯನ್ನು ತೆರೆದಿದ್ದರು. ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದಾಗಲೆಲ್ಲ 'ಸೇವ್' ಒತ್ತಿದ್ದರು. ಉಳಿಸಿದ್ದೆಲ್ಲವೂ ಅವರ ಖಾತೆಗೆ, ಅಲ್ಲಿಂದ ಅವರ ಮೊಬೈಲಿಗೆ ತಲುಪಿತ್ತು. ಆ ಮನುಷ್ಯ ಪ್ರಾಮಾಣಿಕರಾಗಿದ್ದುದರಿಂದ ನಷ್ಟವಾಗಲಿಲ್ಲ. ಆದರೆ ಪ್ರತಿವರ್ಷ ಆ ಸಂಸ್ಥೆಯ ಲೆಕ್ಕ ಪರಿಶೋಧನೆ ಮಾಡುತ್ತಿದ್ದ ನಾನು ದಾಸ್ತಾನು ನೋಡಿದ್ದೆ, ನಗದು ಎಣಿಸಿದ್ದೆ, ಬ್ರೌಸರನ್ನು ಮಾತ್ರ ನೋಡಿರಲಿಲ್ಲ. ಅಂದು ಸಂಜೆ ನನ್ನ ಕಚೇರಿಯ ಯಂತ್ರಗಳನ್ನು ಪರೀಕ್ಷಿಸಿದಾಗ ನಾಲ್ಕರಲ್ಲಿ ಎರಡು ಅದೇ ಸ್ಥಿತಿಯಲ್ಲಿದ್ದವು.

ಮೂಲ ಕಾರಣ

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮುಂತಾದ ಬ್ರೌಸರ್‌ಗಳು ಒಬ್ಬ ವ್ಯಕ್ತಿಗೆ ಒಂದು ಯಂತ್ರ ಎಂಬ ಊಹೆಯ ಮೇಲೆ ರಚಿತವಾಗಿವೆ. ಮನೆಯಲ್ಲಿ ಒಬ್ಬರೇ ಬಳಸುವಾಗ ಪಾಸ್‌ವರ್ಡ್ ನೆನಪಿಡುವುದು, ಮೊಬೈಲಿನೊಂದಿಗೆ ಹೊಂದಿಸುವುದು ಇವೆಲ್ಲ ಅನುಕೂಲಗಳೇ. ನಮ್ಮ ಮಳಿಗೆಗಳಲ್ಲಾದರೋ ಒಂದೇ ಯಂತ್ರದ ಮುಂದೆ ಬೆಳಿಗ್ಗೆ ಗುಮಾಸ್ತರು, ಮಧ್ಯಾಹ್ನ ಯಜಮಾನರು, ಸಂಜೆ ಅವರ ಮಗ ಕುಳಿತುಕೊಳ್ಳುತ್ತಾರೆ. ಮನೆಗೆ ಅನುಕೂಲವಾದದ್ದು ಇಲ್ಲಿ ಅಪಾಯವಾಗುತ್ತದೆ. ಆದುದರಿಂದ ತಯಾರಕರು ಚಾಲೂ ಇಟ್ಟು ಕಳುಹಿಸಿದ ಸೌಲಭ್ಯಗಳಲ್ಲಿ ನಮಗೆ ಬೇಡವಾದುವನ್ನು ನಾವೇ ನಿಲ್ಲಿಸಬೇಕು.

ಈ ಕೆಳಗಿನ ವಿವರಣೆ ಮುಖ್ಯವಾಗಿ ಕ್ರೋಮ್ ಕುರಿತದ್ದು. ಬಲಭಾಗದ ಮೇಲ್ತುದಿಯ ಮೂರು ಚುಕ್ಕೆಗಳನ್ನು ಒತ್ತಿ 'ಸೆಟ್ಟಿಂಗ್ಸ್' ತೆರೆಯತಕ್ಕದ್ದು. ಆವೃತ್ತಿ ಬದಲಾದಂತೆ ಹೆಸರುಗಳ ಸ್ಥಾನ ಬದಲಾಗುವುದುಂಟು. ಸೆಟ್ಟಿಂಗ್ಸ್ ಪುಟದಲ್ಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಆಯಾ ಪದವನ್ನು ಟೈಪ್ ಮಾಡಿದರೆ ಎಡ್ಜ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿಯೂ ಸಂಬಂಧಿಸಿದ ಸಾಲು ದೊರೆಯುತ್ತದೆ.

1. ನೋಟಿಫಿಕೇಷನ್

2015ರಲ್ಲಿ ಕ್ರೋಮ್‌ಗೆ ಬಂದ ಒಂದು ಸೌಲಭ್ಯದ ಮೂಲಕ, ಅನುಮತಿ ಪಡೆದ ಜಾಲತಾಣವು ತಾನು ತೆರೆದಿರದಿದ್ದಾಗಲೂ ಪರದೆಯ ಮೂಲೆಯಲ್ಲಿ ಸಂದೇಶ ತೋರಿಸಬಲ್ಲದು. ವಂಚಕರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಯಾವುದೋ ಪುಟದಲ್ಲಿ ಅರಿಯದೆ 'ಅಲೋ' ಒತ್ತಿದರೆ ಸಾಕು, ಬಳಿಕ "ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕರೆ ಮಾಡಿ" ಎಂಬಂಥ ಸಂದೇಶಗಳು ಬರತೊಡಗುತ್ತವೆ. ರಿಟರ್ನ್ ಸಲ್ಲಿಕೆಯ ಕೊನೆಯ ದಿನ ಗಾಬರಿಯಲ್ಲಿರುವ ಗುಮಾಸ್ತರು ಆ ಸಂಖ್ಯೆಗೆ ಕರೆ ಮಾಡಿ, ಯಂತ್ರದ ನಿಯಂತ್ರಣವನ್ನೇ ಅಪರಿಚಿತರ ಕೈಗೆ ಕೊಟ್ಟುಬಿಡುವ ಸಂಭವವಿದೆ.

ಇದಕ್ಕೆ ಪರಿಹಾರ ಸುಲಭ. 'ಪ್ರೈವಸಿ ಅಂಡ್ ಸೆಕ್ಯುರಿಟಿ', ನಂತರ 'ಸೈಟ್ ಸೆಟ್ಟಿಂಗ್ಸ್', ಅಲ್ಲಿ 'ನೋಟಿಫಿಕೇಷನ್ಸ್' ತೆರೆದು ಯಾವ ಜಾಲತಾಣಕ್ಕೂ ಸಂದೇಶ ಕಳುಹಿಸಲು ಅವಕಾಶವಿಲ್ಲ ಎಂಬ ಆಯ್ಕೆಯನ್ನು ಗುರುತಿಸಬೇಕು. ಅದೇ ಪುಟದ ಕೆಳಗೆ, ಈಗಾಗಲೇ ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಅದನ್ನೂ ಖಾಲಿ ಮಾಡತಕ್ಕದ್ದು. ಹೊಸ ಅರ್ಜಿಗಳನ್ನು ನಿಲ್ಲಿಸಿ ಹಳೆಯ ಅನುಮತಿಗಳನ್ನು ಹಾಗೆಯೇ ಬಿಟ್ಟರೆ ಸಂದೇಶಗಳು ನಿಲ್ಲುವುದಿಲ್ಲ.

2. ಪಾಸ್‌ವರ್ಡ್ ಮತ್ತು ಕಾರ್ಡ್ ವಿವರ

ಹಲವರು ಬಳಸುವ ಯಂತ್ರದಲ್ಲಿ ಬ್ರೌಸರ್ ಪಾಸ್‌ವರ್ಡ್ ಉಳಿಸಿಕೊಳ್ಳುವುದು ಸಲ್ಲದು. ವಿಂಡೋಸ್‌ನ ಪ್ರವೇಶ ಸಂಖ್ಯೆ ತಿಳಿದ ಯಾರೇ ಆಗಲಿ ಆ ಪಟ್ಟಿಯನ್ನು ತೆರೆದು ಓದಬಹುದು. ಇಂತಹ ಪಟ್ಟಿಗಳನ್ನೇ ಕದಿಯಲೆಂದು ರಚಿಸಿದ ದುಷ್ಟ ತಂತ್ರಾಂಶಗಳೂ ಇವೆ. 'ಆಟೋಫಿಲ್ ಅಂಡ್ ಪಾಸ್‌ವರ್ಡ್ಸ್' ವಿಭಾಗದಲ್ಲಿ ಪಾಸ್‌ವರ್ಡ್ ಮ್ಯಾನೇಜರ್‌ನ ಸೆಟ್ಟಿಂಗ್ಸ್ ತೆರೆದು, ಪಾಸ್‌ವರ್ಡ್ ಉಳಿಸಲು ಕೇಳುವ ಸಾಲನ್ನು ನಿಲ್ಲಿಸಬೇಕು. ಹಾಗೆಯೇ ತಾನಾಗಿ ಸೈನ್ ಇನ್ ಆಗುವ ಸಾಲನ್ನೂ ನಿಲ್ಲಿಸಬೇಕು. ಆಮೇಲೆ ಉಳಿದಿರುವ ಪಾಸ್‌ವರ್ಡ್‌ಗಳನ್ನು ಬೇರೆಡೆ ಭದ್ರವಾಗಿ ಬರೆದಿಟ್ಟುಕೊಂಡು ಪಟ್ಟಿಯಿಂದ ಅಳಿಸತಕ್ಕದ್ದು. ಅದೇ ವಿಭಾಗದ 'ಪೇಮೆಂಟ್ ಮೆಥಡ್ಸ್' ಅಡಿಯಲ್ಲಿ ಕಾರ್ಡ್ ವಿವರ ಉಳಿಸುವ ಸೌಲಭ್ಯವನ್ನೂ ನಿಲ್ಲಿಸಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿ ಜಾಲತಾಣಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಾಯಿತು. ಅದು ಆ ಜಾಲತಾಣಗಳಿಗೆ ವಿಧಿಸಿದ ನಿರ್ಬಂಧ. ತನ್ನದೇ ಬ್ರೌಸರ್‌ನಲ್ಲಿ ಬಳಕೆದಾರ ತಾನಾಗಿ ಉಳಿಸಿಕೊಂಡ ಸಂಖ್ಯೆಯನ್ನು ಕಾಯುವ ಹೊಣೆ ಬಳಕೆದಾರನದೇ.

3. ಸೈನ್ ಇನ್ ಮತ್ತು ಸಿಂಕ್

ಮೇಲ್ಕಾಣಿಸಿದ ಪ್ರಸಂಗದ ಬೇರು ಇಲ್ಲಿದೆ. ಬ್ರೌಸರ್‌ನ ಮೇಲ್ತುದಿಯಲ್ಲಿ ಯಾರ ಚಿತ್ರ ಅಥವಾ ಯಾರ ಹೆಸರಿನ ಅಕ್ಷರ ಕಾಣುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಅದು ನೌಕರರ ವೈಯಕ್ತಿಕ ಖಾತೆಯಾಗಿದ್ದಲ್ಲಿ ಸೈನ್ ಔಟ್ ಮಾಡಿಸಿ ಸಿಂಕ್ ನಿಲ್ಲಿಸತಕ್ಕದ್ದು. 'ಅಲೋ ಕ್ರೋಮ್ ಸೈನ್ ಇನ್' ಎಂಬ ಸಾಲನ್ನು ಹುಡುಕಿ ನಿಲ್ಲಿಸಿದರೆ, ಯಾರಾದರೂ ಜಿಮೇಲ್ ತೆರೆದರೂ ಬ್ರೌಸರ್ ತಾನಾಗಿ ಅವರ ಖಾತೆಗೆ ಅಂಟಿಕೊಳ್ಳುವುದಿಲ್ಲ.

ಆದರೆ ಸಿಂಕ್ ನಿಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಆ ಖಾತೆಗೆ ಈಗಾಗಲೇ ಹೋಗಿರುವ ಪಾಸ್‌ವರ್ಡ್‌ಗಳು ಅಲ್ಲಿಯೇ ಇರುತ್ತವೆ. ಪಾಸ್‌ವರ್ಡ್‌ಗಳನ್ನು ಬದಲಾಯಿಸುವುದೊಂದೇ ಉಪಾಯ. ಓಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂಬುದನ್ನೂ ಪರಿಶೀಲಿಸಿರಿ. ನೋಂದಣಿಯ ಸಮಯದಲ್ಲಿ ಅನುಕೂಲಕ್ಕೆಂದು ಗುಮಾಸ್ತರ ಸಂಖ್ಯೆ ಕೊಟ್ಟಿದ್ದರೆ, ಪಾಸ್‌ವರ್ಡ್ ಹಾಗೂ ಓಟಿಪಿ ಎರಡೂ ಒಬ್ಬರ ಕೈಯಲ್ಲೇ ಇದ್ದಂತಾಯಿತು.

4. ಎಕ್ಸ್‌ಟೆನ್ಷನ್‌ಗಳು

ಬ್ರೌಸರ್‌ಗೆ ಹೊರಗಿನಿಂದ ಜೋಡಿಸುವ ಈ ಚಿಕ್ಕ ತಂತ್ರಾಂಶಗಳಲ್ಲಿ ಕೆಲವು ನಾವು ತೆರೆದ ಪ್ರತಿ ಪುಟವನ್ನೂ ಓದುವ ಮತ್ತು ಬದಲಿಸುವ ಅನುಮತಿ ಪಡೆದಿರುತ್ತವೆ. ಪಿಡಿಎಫ್ ಪರಿವರ್ತನೆಗೋ ಕೂಪನ್ ಹುಡುಕುವುದಕ್ಕೋ ಎಂದೋ ಒಮ್ಮೆ ಹಾಕಿಕೊಂಡದ್ದು ಬ್ಯಾಂಕಿನ ಪುಟವನ್ನೂ ಓದಬಲ್ಲದು. 'ಎಕ್ಸ್‌ಟೆನ್ಷನ್ಸ್' ಪುಟ ತೆರೆದು ಒಂದೊಂದರ ಮುಂದೆಯೂ "ಇದು ಯಾವ ಕೆಲಸಕ್ಕೆ?" ಎಂದು ಕೇಳಿಕೊಳ್ಳಿರಿ. ಉತ್ತರ ಸಿಗದಿದ್ದರೆ 'ರಿಮೂವ್' ಒತ್ತಿರಿ.

5. ಹಿನ್ನೆಲೆಯ ಓಟ

ಬ್ರೌಸರ್ ಮುಚ್ಚಿದ ಬಳಿಕವೂ ಅದರ ಕೆಲವು ಭಾಗಗಳು ಓಡುತ್ತಿರುತ್ತವೆ. 'ಸಿಸ್ಟಮ್' ವಿಭಾಗದಲ್ಲಿ ಬ್ಯಾಕ್‌ಗ್ರೌಂಡ್ ಆ್ಯಪ್ಸ್ ಕುರಿತ ಸಾಲನ್ನೂ, ಎಡ್ಜ್‌ನಲ್ಲಿ 'ಸ್ಟಾರ್ಟ್‌ಅಪ್ ಬೂಸ್ಟ್' ಅನ್ನೂ ನಿಲ್ಲಿಸಬಹುದು. ಹಳೆಯ ಯಂತ್ರಗಳ ಮೇಲಿನ ಭಾರ ಇದರಿಂದ ಕೊಂಚ ಇಳಿಯುತ್ತದೆ.

ನಿಲ್ಲಿಸಬಾರದವು

ಉತ್ಸಾಹದಲ್ಲಿ ಬೇಕಾದುದನ್ನೂ ನಿಲ್ಲಿಸುವ ಅಪಾಯವಿದೆ. ಬ್ರೌಸರ್‌ನ ಅಪ್‌ಡೇಟ್‌ಗಳನ್ನು, ಮೋಸದ ತಾಣಗಳ ಬಗ್ಗೆ ಎಚ್ಚರಿಸುವ 'ಸೇಫ್ ಬ್ರೌಸಿಂಗ್' ಸೌಲಭ್ಯವನ್ನು ಎಂದಿಗೂ ನಿಲ್ಲಿಸಕೂಡದು. ಪಾಪ್‌ಅಪ್ ತಡೆಯ ವಿಷಯವೂ ಹಾಗೆಯೇ. ಕೆಲವು ಪಾವತಿ ಪುಟಗಳು ಹೊಸ ಕಿಟಕಿಯಲ್ಲಿ ತೆರೆಯುವುದರಿಂದ, ಪಾವತಿ ಆಗುತ್ತಿಲ್ಲವೆಂದು ಹಲವರು ಇಡೀ ತಡೆಯನ್ನೇ ತೆಗೆದುಹಾಕುತ್ತಾರೆ. ಹಾಗೆ ಮಾಡದೆ ಆ ಒಂದು ಜಾಲತಾಣಕ್ಕೆ ಮಾತ್ರ ವಿನಾಯಿತಿ ಕೊಡುವುದು ಸರಿಯಾದ ಕ್ರಮ. ಡಿಜಿಟಲ್ ಸಹಿಯ ಟೋಕನ್ ಬಳಸುವಾಗ ಬ್ರೌಸರ್ ಅನುಮತಿ ಕೇಳಿದರೆ, ವಿಳಾಸ ನೋಡಿಕೊಂಡು ಒಪ್ಪಿಗೆ ಕೊಡಬಹುದು.

ವಿಳಾಸ ನೋಡುವುದೆಂದರೆ ಅದರ ಕೊನೆಯ ಭಾಗವನ್ನು ನೋಡುವುದು. ತೆರಿಗೆ ಇಲಾಖೆಗಳ ತಾಣಗಳು 'ಜಿಓವಿ ಡಾಟ್ ಇನ್' ಎಂದು ಮುಗಿಯುತ್ತವೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಅದೇ ವರ್ಷದ ಏಪ್ರಿಲ್‌ನಲ್ಲಿ ಸೂಚಿಸಿತು.

ಹೊಣೆಗಾರಿಕೆಯ ಪ್ರಶ್ನೆ

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಅನಧಿಕೃತ ವಿದ್ಯುನ್ಮಾನ ವ್ಯವಹಾರಗಳಲ್ಲಿ ಒಂದು ತತ್ತ್ವವನ್ನು ಹಾಕಿಕೊಟ್ಟಿತು. ಗ್ರಾಹಕನ ಅಲಕ್ಷ್ಯದಿಂದ ನಷ್ಟವಾದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ಣ ನಷ್ಟ ಗ್ರಾಹಕನದೇ. ಆದುದರಿಂದ ಅನುಮಾನ ಬಂದ ಕೂಡಲೇ ಬ್ಯಾಂಕಿಗೂ, ಸೈಬರ್ ವಂಚನೆಯ 1930 ಸಹಾಯವಾಣಿಗೂ ತಿಳಿಸಬೇಕು. ಯಜಮಾನರ ಪಾಸ್‌ವರ್ಡ್ ಗುಮಾಸ್ತರ ಮೊಬೈಲಿನಲ್ಲಿತ್ತು ಎಂದಾದ ಮೇಲೆ ನಮ್ಮ ಅಲಕ್ಷ್ಯವಿಲ್ಲವೆಂದು ವಾದಿಸುವುದು ಕಷ್ಟ.

ಪಾಸ್‌ವರ್ಡ್ ಹಂಚದೆ ಕೆಲಸ ಹಂಚುವ ವ್ಯವಸ್ಥೆಯೂ ಇದೆ ಎಂಬುದನ್ನು ಸದಸ್ಯರು ಗಮನಿಸಬೇಕು. ಇ-ವೇ ಬಿಲ್ ತಾಣದಲ್ಲಿ ಗುಮಾಸ್ತರಿಗೆ ಉಪ ಬಳಕೆದಾರರ ಖಾತೆ ತೆರೆದುಕೊಡಬಹುದು. ಬ್ಯಾಂಕುಗಳ ವ್ಯಾವಹಾರಿಕ ಖಾತೆಗಳಲ್ಲಿ ಒಬ್ಬರು ನಮೂದಿಸಿ ಮತ್ತೊಬ್ಬರು ಅನುಮೋದಿಸುವ ಕ್ರಮ ಲಭ್ಯವಿದೆ. ನೌಕರರು ಕೆಲಸ ಬಿಟ್ಟಾಗ ಅವರ ಖಾತೆಯೊಂದನ್ನೇ ಮುಚ್ಚಿದರಾಯಿತು.

ನನ್ನ ಕಕ್ಷಿದಾರರು ಅಂದೇ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ, ಆ ಹಳೆಯ ಗುಮಾಸ್ತರಿಗೆ ದೂರವಾಣಿ ಮಾಡಿ ಕೃತಜ್ಞತೆ ತಿಳಿಸಿದರು. ಅಂದಿನಿಂದ ನಾನು ಲೆಕ್ಕ ಪರಿಶೋಧನೆಗೆ ಹೋದಲ್ಲೆಲ್ಲ ನಗದು ಎಣಿಸುವ ಮುನ್ನ ಬ್ರೌಸರ್‌ನ ಮೇಲ್ತುದಿಯಲ್ಲಿ ಯಾರ ಹೆಸರಿದೆ ಎಂದು ನೋಡುತ್ತೇನೆ. ಸದಸ್ಯ ಬಾಂಧವರು ಈ ತಿಂಗಳ ದಾಸ್ತಾನು ತಾಳೆ ಮಾಡುವ ದಿನ ಈ ಐದು ಅಂಶಗಳಿಗೂ ಅರ್ಧ ಗಂಟೆ ಮೀಸಲಿಡಬೇಕೆಂದು ವಿನಂತಿಸುತ್ತೇನೆ.